ಕುದುರೆ ವ್ಯಾಪಾರಿಯ ಮೊಮ್ಮಗ



ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ - ಈ ನಾಲ್ಕೂ ತಾಲ್ಲೂಕುಗಳು ಮಂಡ್ಯ ಜಿಲ್ಲೆಗೆ ಸೇರಿವೆ. 1939ರಲ್ಲಿ ಮೈಸೂರು ಜಿಲ್ಲೆಯನ್ನು ವಿಭಜಿಸಿ ಮಂಡ್ಯ ಜಿಲ್ಲೆಯನ್ನು ರಚಿಸಿದಾಗ ಸಂಸ್ಥಾನದ ದಿವಾನರಾಗಿದ್ದವರು ಸರ್ ಮಿರ್ಜಾ ಇಸ್ಮಾಯಿಲ್. ಅವರ ತಾತ ಪರದೇಶದಿಂದ ಬಂದ ಕುದುರೆ ವ್ಯಾಪಾರಿ.

ಆ ತಾತನ ಹೆಸರು ಆಗಾ ಅಲಿ ಆಸ್ಕರ್. ಪರ್ಷಿಯಾ ದೇಶದ ಶಿರಾಜ್ ಪಟ್ಟಣದವರು. ಹದಿಹರೆಯದಲ್ಲೇ, 1824ರಲ್ಲಿ, ಕುದುರೆಗಳೊಂದಿಗೆ ಬೆಂಗಳೂರಿಗೆ ಬಂದರು. ಸೈನ್ಯಕ್ಕೂ ಮೈಸೂರು ಅರಮನೆಗೂ ಕುದುರೆ ಮಾರಿದರು, ಬಂಗಲೆಗಳನ್ನು ಕಟ್ಟಿಸಿದರು, ಹುಟ್ಟೂರಿಗೆ ಮರಳದೆ ಇಲ್ಲಿಯವರೇ ಆದರು. ಬೆಂಗಳೂರಿನ ಅಲಿ ಆಸ್ಕರ್ ರಸ್ತೆ ಅವರ ಹೆಸರನ್ನು ಉಳಿಸಿದೆ.

ವ್ಯಾಪಾರಕ್ಕೆಂದು ಬಂದವರು ನಾಡು ಕಟ್ಟುವವರಾಗುವುದು ಇಲ್ಲಿ ಮಾತ್ರ ನಡೆದದ್ದಲ್ಲ. ಐರ್ಲೆಂಡಿನಲ್ಲಿ ಹುಟ್ಟಿದ ಥಾಮಸ್ ಫಿಟ್ಜ್‌ಸೈಮನ್ಸ್ ಅಮೆರಿಕದ ಫಿಲಡೆಲ್ಫಿಯಾದಲ್ಲಿ ವ್ಯಾಪಾರಿಯಾದರು. 1787ರಲ್ಲಿ ಆ ದೇಶದ ಸಂವಿಧಾನಕ್ಕೆ ಸಹಿ ಹಾಕಿದ ಇಬ್ಬರು ಕಥೋಲಿಕರಲ್ಲಿ ಅವರೊಬ್ಬರು. ಅಲ್ಲಿ ವ್ಯಾಪಾರಿಯೇ ರಾಜಕಾರಣಿಯಾದ. ನಮ್ಮಲ್ಲಿ ಆ ಸ್ಥಾನ ಮೊಮ್ಮಗನಿಗೆ ಒದಗಿತು.

1883ರಲ್ಲಿ ಹುಟ್ಟಿದ ಮಿರ್ಜಾ, ನಾಲ್ವಡಿ ಕೃಷ್ಣರಾಜ ಒಡೆಯರ ಸಹಪಾಠಿ. 1926ರಿಂದ 1941ರವರೆಗೆ ದಿವಾನರಾಗಿದ್ದರು. ಕನ್ನಂಬಾಡಿ ಕಟ್ಟೆಯ ಕೆಲಸ ಆರಂಭವಾದದ್ದು ಅವರಿಗಿಂತ ಮೊದಲೇ. ಆದರೆ ಅದರ ನೀರು ಇರ್ವಿನ್ ನಾಲೆಯಲ್ಲಿ ಹೊಲಗಳಿಗೆ ಹರಿದದ್ದು, ಕಟ್ಟೆಯ ಕೆಳಗೆ ಬೃಂದಾವನ ಅರಳಿದ್ದು, 1933ರಲ್ಲಿ ಮಂಡ್ಯದ ಸಕ್ಕರೆ ಕಂಪನಿ ಆರಂಭವಾದದ್ದು ಅವರ ಕಾಲದಲ್ಲಿ. ಅದೇ ವರ್ಷ ಮೈಸೂರಿನ ಸಂತ ಫಿಲೋಮಿನಾ ದೇವಾಲಯಕ್ಕೆ ಮಹಾರಾಜರು ಅಸ್ತಿಭಾರ ಹಾಕಿದರು. ಅರಸರು ಹಿಂದೂ, ದಿವಾನರು ಮುಸ್ಲಿಂ, ಗುಡಿ ನಮ್ಮದು!

ಹಾಗೆಂದು ಎಲ್ಲವೂ ಹೂವಿನ ಹಾದಿಯಾಗಿರಲಿಲ್ಲ. 1928ರಲ್ಲಿ ಬೆಂಗಳೂರಿನಲ್ಲಿ ಗಲಭೆಯಾದಾಗ ದಿವಾನರ ಧರ್ಮವನ್ನೇ ಎತ್ತಿ ಆಡಿದವರಿದ್ದರು. 1938ರಲ್ಲಿ ವಿದುರಾಶ್ವತ್ಥದಲ್ಲಿ ರಾಷ್ಟ್ರಧ್ವಜ ಹಾರಿಸಲು ಸೇರಿದ್ದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದರು. ಹಲವರು ಪ್ರಾಣ ತೆತ್ತರು. ಆ ನೋವಿನ ಹೊಣೆಯಿಂದ ಅವರ ಆಡಳಿತವನ್ನು ಬಿಡಿಸಲಾಗದು. ಬಳಿಕ ಸರ್ದಾರ್ ಪಟೇಲರೊಡನೆ ಒಪ್ಪಂದ ಮಾಡಿಕೊಂಡು ಅವರು ಸಂಧಾನದ ದಾರಿ ಹಿಡಿದರು. ಒಬ್ಬ ಆಡಳಿತಗಾರನನ್ನು ಅವನ ಕೆಲಸದಿಂದ ಅಳೆಯಬೇಕು. ಒಳಿತಿಗೂ ಕೆಡುಕಿಗೂ ಲೆಕ್ಕ ಅದೇ. ಅವನ ತಾತ ಎಲ್ಲಿಂದ ಬಂದ ಎಂಬುದು ಆ ಲೆಕ್ಕಕ್ಕೆ ಸೇರದು.

ಪವಿತ್ರ ಗ್ರಂಥದ ಜೋಸೆಫನೂ ಈಜಿಪ್ಟಿಗೆ ಹೊರಗಿನವನೇ. ಬರಗಾಲದಲ್ಲಿ ಆ ದೇಶದ ಹೊಟ್ಟೆ ತುಂಬಿಸಿದವನು ಅವನು.

ಇಂದು ನಮ್ಮ ಆಲೆಮನೆಗಳಲ್ಲಿ ಉತ್ತರ ಭಾರತದ ಕೂಲಿಕಾರರು ಬೆಲ್ಲ ಕಾಯಿಸುತ್ತಿದ್ದಾರೆ. ನಮ್ಮ ಮಕ್ಕಳು ಹೊಟ್ಟೆಪಾಡಿಗೆ ಕೊಲ್ಲಿ ರಾಷ್ಟ್ರಗಳಿಗೆ ಹೋಗಿದ್ದಾರೆ. ಅಲ್ಲಿ ನಮ್ಮ ಮಕ್ಕಳಿಗೆ ಯಾವ ಮರ್ಯಾದೆ ಸಿಗಲಿ ಎಂದು ಪ್ರಾರ್ಥಿಸುತ್ತೇವೆಯೋ, ಅದನ್ನು ಇಲ್ಲಿಗೆ ಬಂದವರಿಗೆ ಮೊದಲು ನಾವೇ ಕೊಡೋಣ. ಈ ಹಬ್ಬದ ಊಟಕ್ಕೆ ಅವರಲ್ಲಿ ಒಬ್ಬರನ್ನಾದರೂ ಮನೆಗೆ ಕರೆಯೋಣ.