ಹಳೆಯ ಮಣ್ಣಿನ ಗೋಡೆಗೆ ಸಿಮೆಂಟ್ ಮೆತ್ತಿಸಿದರೆ ಮನೆ ಗಟ್ಟಿಯಾಗುತ್ತದೆಯೇ?

"ಮಳೆಗಾಲಕ್ಕೆ ಮುಂಚೆ ಹಳೇ ಮನೆಗೆ ಒಂದು ಕೋಟ್ ಸಿಮೆಂಟ್ ಹೊಡೆಸಿಬಿಡಿ, ಆಮೇಲೆ ಚಿಂತೆಯೇ ಇಲ್ಲ." ಹಳೆಯ ಮನೆ ಇರುವ ಪ್ರತಿಯೊಬ್ಬರೂ ಈ ಸಲಹೆ ಕೇಳಿರುತ್ತಾರೆ. ಹೊಳಲ್ಕೆರೆ ತಾಲ್ಲೂಕಿನ ಹೊರಕೆರೆದೇವರಪುರದಂಥ ಊರುಗಳಲ್ಲಿ, ಚಿತ್ರದುರ್ಗ ಜಿಲ್ಲೆಯ ಇತರ ಹಳ್ಳಿಗಳಲ್ಲಿ ಮಣ್ಣಿನ ಗೋಡೆಯ ಮಾಳಿಗೆ ಮನೆಗಳು ಇನ್ನೂ ಇವೆ. ಅವುಗಳ ಮಟ್ಟಿಗೆ ಈ ಸಲಹೆ ತಪ್ಪು ಮಾತ್ರವಲ್ಲ, ಅಪಾಯವೂ ಹೌದು.

ನಿಜಾಂಶ ಏನು?

ಮಣ್ಣಿನ ಗೋಡೆ ಒಣಗಿರುವವರೆಗೆ ಗಟ್ಟಿ, ನೆನೆದರೆ ಮೆತ್ತಗೆ. ನೆಲದ ತೇವವನ್ನು ಅದು ದೀಪದ ಬತ್ತಿ ಎಣ್ಣೆ ಹೀರುವಂತೆ ಮೇಲಕ್ಕೆ ಹೀರುತ್ತದೆ. ಹಾಗೆ ಹೀರಿದ ತೇವ ಗೋಡೆಯ ಮೈಯಿಂದಲೇ ಆವಿಯಾಗಿ ಹೋಗುತ್ತದೆ. ಹೀಗೆ ಹೀರುವುದು, ಬಿಡುವುದು ಸರಿಯಾಗಿ ನಡೆಯುತ್ತಿದ್ದರೆ ಗೋಡೆ ತಲೆಮಾರುಗಟ್ಟಲೆ ನಿಲ್ಲುತ್ತದೆ.

ಸಿಮೆಂಟ್ ಪ್ಲಾಸ್ಟರ್ ಮಾಡಿದಾಗ ಆವಿ ಹೊರಹೋಗುವ ದಾರಿ ಬಹುಮಟ್ಟಿಗೆ ಮುಚ್ಚುತ್ತದೆ. ತೇವ ಒಳಗೇ ಉಳಿದು ಇನ್ನೂ ಮೇಲಕ್ಕೆ ಏರುತ್ತದೆ. ಜೊತೆಗೆ, ಮಣ್ಣು ತೇವಕ್ಕೆ ಹಿಗ್ಗಿ ಬಿಸಿಲಿಗೆ ಕುಗ್ಗುತ್ತದೆ, ಸಿಮೆಂಟ್ ಅದರ ಜೊತೆ ಬಾಗುವುದಿಲ್ಲ. ಹಾಗಾಗಿ ಕೂದಲೆಳೆಯಷ್ಟು ಬಿರುಕು ಬೀಳುತ್ತವೆ. ಮಳೆನೀರು ಆ ಬಿರುಕಿನಿಂದ ಒಳಗೆ ಹೋಗುತ್ತದೆ, ಹೊರಗೆ ಬರಲಾರದು. ಹೊರಗಿನಿಂದ ನೋಡಿದರೆ ಗೋಡೆ ಹೊಸದರಂತೆ ಕಾಣುತ್ತದೆ, ಒಳಗೆ ಬುಡ ಕೊಳೆಯುತ್ತಿರುತ್ತದೆ. ಸತತ ಮಳೆ ಹಿಡಿದ ರಾತ್ರಿ ಇಂಥ ಗೋಡೆ ಮುನ್ಸೂಚನೆ ಇಲ್ಲದೆ ಕುಸಿಯಬಹುದು.

ಹಾಗಾದರೆ ಹಳಬರು ಏನು ಮಾಡುತ್ತಿದ್ದರು?

ಚಿತ್ರದುರ್ಗದ ಕೋಟೆ ಹೈದರಾಲಿಯ ವಶವಾದದ್ದು 1779ರಲ್ಲಿ. ಇಂದು ನಾವು ಬಳಸುವ ಪೋರ್ಟ್‌ಲ್ಯಾಂಡ್ ಸಿಮೆಂಟಿಗೆ ಇಂಗ್ಲೆಂಡಿನಲ್ಲಿ ಪೇಟೆಂಟ್ ಸಿಕ್ಕಿದ್ದು 1824ರಲ್ಲಿ. ಪಾಳೇಗಾರರ ಕಾಲದ ಮಣ್ಣಿನ ಗೋಡೆಗಳ ಭಾಗಗಳು ಕೋಟೆಯೊಳಗೆ ಇವತ್ತಿಗೂ ನಿಂತಿವೆ. ಮಣ್ಣಿನ ಗೋಡೆ ಬಾಳಲು ಸಿಮೆಂಟ್ ಬೇಕೇ ಬೇಕು ಎನ್ನುವುದು ನಿಜವಲ್ಲ ಎಂಬುದಕ್ಕೆ ಅವೇ ಸಾಕ್ಷಿ.

ಮಣ್ಣಿನ ಗೋಡೆಗೆ ಮಣ್ಣಿನದೇ ಗಿಲಾವು ಸರಿಹೊಂದುತ್ತದೆ. ಜೇಡಿ, ಮರಳು, ಹೊಟ್ಟು ಅಥವಾ ಕತ್ತರಿಸಿದ ಹುಲ್ಲು, ಸಗಣಿ ಸೇರಿಸಿ ಕೊಳೆಹಾಕಿದ ಮಣ್ಣನ್ನು ಮೆತ್ತಿ, ಮೇಲೆ ಸುಣ್ಣ ಬಳಿಯಬೇಕು. ಕಲ್ಲಿನ ಗೋಡೆಯಾದರೆ ಸಂದುಗಳಿಗೆ ಸುಣ್ಣದ ಗಾರೆ ತುಂಬಬಹುದು. ಇವೆರಡೂ ಆವಿಯನ್ನು ತಡೆಯುವುದಿಲ್ಲ. ಸುಟ್ಟ ಸುಣ್ಣಕ್ಕೆ ನೀರು ಹಾಕಿದಾಗ ಕುದಿಯುತ್ತದೆ, ಕಣ್ಣಿಗೆ ಸಿಡಿದರೆ ಸುಡುತ್ತದೆ. ಮಕ್ಕಳನ್ನು ದೂರವಿಡಿ.

ಸಿಮೆಂಟ್ ಕೆಟ್ಟದ್ದೆಂದು ಇದರ ಅರ್ಥವಲ್ಲ. ಸುಟ್ಟ ಇಟ್ಟಿಗೆ, ಸಿಮೆಂಟ್ ಬ್ಲಾಕಿನ ಹೊಸ ಮನೆಗೆ ಅದು ಸರಿಯೇ.

ಮಾಳಿಗೆ ಸೋರಿದರೆ ಮೇಲೆ ಇನ್ನೊಂದು ಪದರ ಹಾಕಬಹುದೇ?

ಲೆಕ್ಕ ಮಾಡಿ ನೋಡಿ. ಒಂದು ಚದರ, ಅಂದರೆ 100 ಚದರಡಿ ಮಾಳಿಗೆಯ ಮೇಲೆ ಒಂದು ಇಂಚು ಮಣ್ಣು ಹಾಕಿದರೆ ಸುಮಾರು 400 ಕೆ.ಜಿ. ತೂಕ ಹೆಚ್ಚುತ್ತದೆ. ಎರಡು ಇಂಚು ಕಾಂಕ್ರೀಟ್ ಹಾಕಿದರೆ 1,000 ಕೆ.ಜಿ.ಗೂ ಹೆಚ್ಚು. ಹಳೆಯ ತೊಲೆ, ಜಂತೆಗಳು ಇಷ್ಟನ್ನು ಹೊರುವಂತೆ ಕಟ್ಟಿದವಲ್ಲ. ಹಳೆಯ ಮಣ್ಣನ್ನು ತೆಗೆದು, ತೊಲೆಗಳಿಗೆ ಗೆದ್ದಲು ಹಿಡಿದಿದೆಯೇ ನೋಡಿ, ಆಮೇಲೆ ಹೊಸ ಮಣ್ಣು ಹಾಕಿಸಬೇಕು.

ಮಾಳಿಗೆಗೆ ಕರಲು ಮಣ್ಣು ಹಾಕುವ ಪದ್ಧತಿಯಲ್ಲಿ ವಿಜ್ಞಾನವಿದೆ. ಅದರಲ್ಲಿ ಸೋಡಿಯಂ ಲವಣ ಹೆಚ್ಚು. ನೆನೆದಾಗ ಅದರ ಜೇಡಿಕಣಗಳು ಬಿಡಿಬಿಡಿಯಾಗಿ ಹರಡಿ ಸಣ್ಣ ರಂಧ್ರಗಳನ್ನು ಮುಚ್ಚುತ್ತವೆ. ಹಾಗಾಗಿ ನೀರು ಕೆಳಗಿಳಿಯುವುದು ಕಡಿಮೆ.

ಗವಾಕ್ಷಿ, ಹೊಗೆ ಕೊಳವೆ ಮುಚ್ಚಿಸಬೇಡಿ

"ಹೊಗೆ ಆಡಿದರೆ ತೊಲೆಗೆ ಹುಳ ಹಿಡಿಯಲ್ಲ" ಎನ್ನುವ ಮಾತು ಅರ್ಧ ಸತ್ಯ. ಹೊಗೆಯ ಮಸಿ ಹುಳಗಳನ್ನು ಸ್ವಲ್ಪ ದೂರವಿಡಬಹುದು, ಆದರೆ ಶ್ವಾಸಕೋಶವನ್ನು ಹಾಳುಮಾಡುತ್ತದೆ. ಮನೆಯೊಳಗಿನ ಹೊಗೆ 2020ರಲ್ಲಿ ಜಗತ್ತಿನಾದ್ಯಂತ ಸುಮಾರು 32 ಲಕ್ಷ ಸಾವುಗಳಿಗೆ ಕಾರಣವಾಯಿತು ಎಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜಿಸಿದೆ. ಸೋರುತ್ತದೆಂದು ಗವಾಕ್ಷಿ ಮುಚ್ಚಿ ಒಳಗೆ ಸೌದೆ ಒಲೆ ಉರಿಸಿದರೆ ವಿಷಾನಿಲ ಕಾರ್ಬನ್ ಮೊನಾಕ್ಸೈಡ್ ಕೂಡ ತುಂಬಿಕೊಳ್ಳುತ್ತದೆ. ಅದಕ್ಕೆ ವಾಸನೆಯೇ ಇಲ್ಲ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ 'ಅಸ್ತ್ರ' ಕೇಂದ್ರ ರೂಪಿಸಿದ ಅಸ್ತ್ರ ಒಲೆಗೆ ಹೊಗೆ ಹೊರಹಾಕುವ ಕೊಳವೆ ಇರುತ್ತದೆ. ಅಂಥ ಕೊಳವೆ ನಿಮ್ಮ ಮನೆಯಲ್ಲಿದ್ದರೆ ರಿಪೇರಿ ವೇಳೆ ಮೂರು ವಿಷಯ ನೋಡಿ: ಒಳಗಿನ ಮಸಿ ತೆಗೆದಿದ್ದಾರೆಯೇ? ಬಿಸಿ ಕೊಳವೆ ಮರದ ಜಂತೆಗೆ ತಾಗದಂತೆ ಅಂತರವಿದೆಯೇ? ಕೊಳವೆ ಮಾಳಿಗೆ ದಾಟುವ ಜಾಗದಲ್ಲಿ ನೀರು ಇಳಿಯದಂತೆ ಕಟ್ಟೆ, ತುದಿಗೆ ಟೋಪಿ ಇದೆಯೇ?

ಮೇಸ್ತ್ರಿಗೆ ಕೆಲಸ ಒಪ್ಪಿಸುವ ಮುನ್ನ

1. ಅವರು ರಿಪೇರಿ ಮಾಡಿದ, ಕನಿಷ್ಠ ಎರಡು ಮಳೆಗಾಲ ಕಂಡ ಹಳೆಯ ಮನೆಯೊಂದನ್ನು ನೋಡಿ ಬನ್ನಿ. ಹೊಸ ಮನೆ ಚೆನ್ನಾಗಿ ಕಟ್ಟುವವರಿಗೆಲ್ಲ ಮಣ್ಣಿನ ಕೆಲಸ ಗೊತ್ತಿರುವುದಿಲ್ಲ.

2. "ಬಿರುಕು ಏಕೆ ಬಂತು?" ಎಂದು ಕೇಳಿ. ಬಚ್ಚಲು ನೀರು ಗೋಡೆ ಬುಡಕ್ಕೆ ಹೋಗುತ್ತಿದೆಯೇ, ಮಾಳಿಗೆಯ ದೋಣಿ ಒಡೆದಿದೆಯೇ ಎಂದು ಹುಡುಕುವವರು ಒಳ್ಳೆಯ ಮೇಸ್ತ್ರಿ. ನೀರಿನ ದಾರಿ ತಪ್ಪಿಸದೆ ಮೆತ್ತಿದ್ದೆಲ್ಲ ವ್ಯರ್ಥ.

3. ಬಿರುಕಿನ ಎರಡೂ ತುದಿಗೆ ಪೆನ್ಸಿಲ್ ಗೆರೆ ಎಳೆದು ತಾರೀಖು ಬರೆಯಿರಿ. ಕೆಲವು ವಾರಗಳಲ್ಲಿ ಬಿರುಕು ಗೆರೆ ದಾಟಿದರೆ ಮೇಸ್ತ್ರಿ ಸಾಲದು, ಎಂಜಿನಿಯರ್‌ಗೆ ತೋರಿಸಿ.

4. ಮೊದಲು ಒಂದು ಗಜದಷ್ಟು ಜಾಗಕ್ಕೆ ಮೆತ್ತಿಸಿ, ಒಣಗಲು ಬಿಡಿ. ಸೀಳಿದರೆ ಅಥವಾ ತಟ್ಟಿದಾಗ ಟೊಳ್ಳು ಸದ್ದು ಬಂದರೆ ಮಿಶ್ರಣ ಬದಲಿಸಿ.

5. ದಿನಗೂಲಿಯೋ ಗುತ್ತಿಗೆಯೋ, ಸಾಮಾನು ಯಾರದು, ಹಳೇ ಮಣ್ಣು ಸಾಗಿಸುವವರು ಯಾರು ಎಂಬುದನ್ನು ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಪೂರ್ತಿ ಹಣ ಮುಂಗಡ ಕೊಡಬೇಡಿ. ಕೆಲಸ ಆದಷ್ಟಕ್ಕೆ ಹಣ ಕೊಡಿ.

ಈಗಾಗಲೇ ಸಿಮೆಂಟ್ ಮೆತ್ತಿಸಿದ್ದರೆ?

ಗಾಬರಿಯಾಗಿ ಒಮ್ಮೆಗೇ ಕೀಳಿಸಬೇಡಿ. ಪೆಟ್ಟಿಗೆ ಗೋಡೆ ಅದುರಬಹುದು. ಗೋಡೆ ಬುಡದಿಂದ ನೀರು ದೂರ ಹರಿಯುವಂತೆ ಮಾಡಿ. ಬೇಸಿಗೆಯಲ್ಲಿ, ಟೊಳ್ಳಾಗಿರುವ ಭಾಗವನ್ನು ಮೊದಲು ಸ್ವಲ್ಪಸ್ವಲ್ಪವಾಗಿ ಬಿಡಿಸಿ. ಗೋಡೆ ಹೊಟ್ಟೆ ಬಿಟ್ಟಿದ್ದರೆ, ವಾಲಿದ್ದರೆ, ಬೆರಳು ತೂರುವಷ್ಟು ಬಿರುಕಿದ್ದರೆ ಇವತ್ತೇ ಹಾಸಿಗೆಯನ್ನು ಆ ಗೋಡೆಯಿಂದ ದೂರ ಹಾಕಿ. ಮಳೆ ಹಿಡಿದ ದಿನ ಆ ಮನೆಯಲ್ಲಿ ಮಲಗಬೇಡಿ.

ಒಟ್ಟಿನಲ್ಲಿ: ಹಳೆಯ ಮಣ್ಣಿನ ಗೋಡೆಗೆ ಸಿಮೆಂಟ್ ಮೆತ್ತಿಸಿದರೆ ಗಟ್ಟಿಯಾಗುತ್ತದೆ ಎನ್ನುವುದು ತಪ್ಪು. ಊರಲ್ಲಿ ಹಳೇ ಮನೆಯಲ್ಲಿರುವ ಅಜ್ಜ ಅಜ್ಜಿಯರ ಮನೆ ರಿಪೇರಿಗೆ ಹಣ ಕಳಿಸುವ ಮುಂಚೆ ಇದನ್ನು ಅವರಿಗೂ ಮೇಸ್ತ್ರಿಗೂ ಓದಿ ಹೇಳಿ.