ಚಂದಾ ಪತ್ರಿಕೆಗಳೂ ಮಿದುಳಿನ ಶಾಸ್ತ್ರವೂ

ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳಿಂದ ಮಿದುಳಿನ ವ್ಯಾಧಿಗೆ ತುತ್ತಾದವರನ್ನು ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಗೆ ಕರೆದೊಯ್ಯುವುದುಂಟು. 1974ರಲ್ಲಿ ರೂಪುಗೊಂಡ ಆ ಸಂಸ್ಥೆಯಲ್ಲಿಯೂ ಅನ್ಯದೇಶಗಳಲ್ಲಿಯೂ ನಡೆಯುವ ಶೋಧನೆಗಳು ವೈದ್ಯರಿಗೆ ತಿಳಿದುಬರುವುದು ವಿದ್ವತ್ಪತ್ರಿಕೆಗಳಿಂದ. ಅವುಗಳ ವೆಚ್ಚವನ್ನು ಹೊರತಕ್ಕವರು ಯಾರೆಂಬುದು ಹಳೆಯ ಪ್ರಶ್ನೆ.

1878ರಲ್ಲಿ ಹ್ಯೂಲಿಂಗ್ಸ್ ಜಾಕ್ಸನ್, ಫೆರಿಯರ್ ಮೊದಲಾದ ಪಂಡಿತರು ಲಂಡನ್ನಿನಲ್ಲಿ ‘ಬ್ರೈನ್’ ಎಂಬ ಪತ್ರಿಕೆಯನ್ನು ಹೊರಡಿಸಿದರು. ಅಂತಹ ಪತ್ರಿಕೆಗಳನ್ನು ಬಹುಕಾಲ ಸಾಕಿದ್ದು ಓದುಗರ ಮತ್ತು ಗ್ರಂಥಾಲಯಗಳ ಚಂದಾ ಹಣವೇ. ಈ ಪದ್ಧತಿಯ ಗುಣವು ಸಾಮಾನ್ಯವಾದುದಲ್ಲ. ಬರೆದವನು ಹಣ ತೆರಬೇಕಾಗಿಲ್ಲ. ಆದುದರಿಂದ ಬಡದೇಶದ ವಿದ್ವಾಂಸನ ಲೇಖನಕ್ಕೂ ಅವಕಾಶವುಂಟು. ಲೇಖನವೊಂದನ್ನು ಒಪ್ಪಿದ ಮಾತ್ರಕ್ಕೆ ಪ್ರಕಾಶಕರಿಗೆ ಲಾಭವೂ ಇಲ್ಲ.

ದೋಷವೂ ಅಷ್ಟೇ ದೊಡ್ಡದು. ಶೋಧನೆ ಬಹುಮಟ್ಟಿಗೆ ಪ್ರಜೆಗಳ ಹಣದಿಂದ ನಡೆಯುತ್ತದೆ. ಲೇಖನಗಳನ್ನು ಪರಿಶೀಲಿಸುವ ವಿದ್ವಾಂಸರು ಸಾಮಾನ್ಯವಾಗಿ ಸಂಭಾವನೆ ಪಡೆಯುವುದಿಲ್ಲ. ಆದರೂ ಫಲವನ್ನು ಓದಲು ಮತ್ತೆ ಬೆಲೆ ಕೊಡಬೇಕು.

ಬರೆದವನೇ ಹಣ ತೆರುವ ಮಾರ್ಗವೂ ನಿಷ್ಕಂಟಕವಾಗಿಲ್ಲ. ‘ನ್ಯೂರೋಇಮೇಜ್’ ಪತ್ರಿಕೆಯು 2020ರಲ್ಲಿ ಆ ಮಾರ್ಗವನ್ನು ಹಿಡಿಯಿತು. ಲೇಖನವೊಂದಕ್ಕೆ 3,450 ಡಾಲರ್ ಶುಲ್ಕವು ಅತಿಯಾಯಿತೆಂದು 2023ರಲ್ಲಿ ನಲವತ್ತಕ್ಕೂ ಹೆಚ್ಚು ಸಂಪಾದಕರು ಅದನ್ನು ತ್ಯಜಿಸಿ, ಬೇರೊಂದು ಪತ್ರಿಕೆಯನ್ನು ಕಟ್ಟಿದರು.

ಭಾರತ ಸರ್ಕಾರವು ‘ಒಂದು ದೇಶ, ಒಂದು ಚಂದಾ’ ಯೋಜನೆಗೆ ಮೂರು ವರ್ಷಗಳಿಗೆ 6,000 ಕೋಟಿ ರೂಪಾಯಿಗಳನ್ನು ಗೊತ್ತುಮಾಡಿತು. 2025ರ ಜನವರಿಯಿಂದ ಸುಮಾರು 13,000 ಪತ್ರಿಕೆಗಳು ಸರ್ಕಾರಿ ವಿದ್ಯಾಸಂಸ್ಥೆಗಳಿಗೆ ತೆರೆದವು. ಇದು ಮಹೋಪಕಾರವೇ ಸರಿ. ಆದರೆ ಹೊಳಲ್ಕೆರೆಯಲ್ಲಿ ಸ್ವಂತ ಚಿಕಿತ್ಸಾಲಯ ನಡೆಸುವ ವೈದ್ಯನಿಗೆ ಅದರಿಂದ ಬಾಗಿಲು ತೆರೆಯಲಿಲ್ಲ. ರೋಗಿ ಮೊದಲು ಬರುವುದಾದರೋ ಆತನ ಬಳಿಗೇ.