ಬೇಸಿಗೆಯ ಕೈತೋಟಕ್ಕೆ ಗೈಲಾರ್ಡಿಯಾ

ಸೇವಂತಿಗೆಯ ಕಾಲ ಮುಗಿದು ಕೈತೋಟ ಬರಿದಾಗುವ ಬೇಸಿಗೆಯಲ್ಲಿ ಕೆಂಪು-ಹಳದಿ ಹೂಗಳನ್ನು ನೀಡುವ ಗಿಡ ಗೈಲಾರ್ಡಿಯಾ. ಇದೂ ಸೇವಂತಿಗೆಯ ಕುಟುಂಬಕ್ಕೇ ಸೇರಿದ್ದು. ತವರು ಉತ್ತರ ಅಮೆರಿಕ. ಜನವರಿ-ಫೆಬ್ರವರಿಯಲ್ಲಿ ಏರುಮಡಿಯಲ್ಲಿ ಬಿತ್ತಿ, ಬೀಜದ ಮೇಲೆ ತೆಳುವಾಗಿ ಮಾತ್ರ ಪುಡಿಗೊಬ್ಬರ ಉದುರಿಸಿರಿ. 4-5 ವಾರಗಳ ಸಸಿಗಳನ್ನು 30 ಸೆಂ.ಮೀ. ಅಂತರದಲ್ಲಿ, ದಿನವಿಡೀ ಬಿಸಿಲು ಬೀಳುವ ಹಾಗೂ ನೀರು ಬಸಿದುಹೋಗುವ ಜಾಗದಲ್ಲಿ, ಸಂಜೆ ವೇಳೆ ನಾಟಿ ಮಾಡಬೇಕು.

ಬೇರೂರಿದ ಈ ಗಿಡವು ಬಿಸಿಲಿಗೆ ಸಾಯುವುದು ಅಪರೂಪ. ಅತಿಯಾದ ಆರೈಕೆಯಿಂದ ಸಾಯುವುದೇ ಹೆಚ್ಚು. ನಡುಹಗಲಿನಲ್ಲಿ ಎಲೆ ಬಾಡಿದ್ದನ್ನು ಕಂಡೊಡನೆ ನೀರು ಸುರಿಯುವವರು ಅನೇಕರು. ಸಂಜೆಗೆ ಎಲೆ ತಾನೇ ಚೇತರಿಸಿಕೊಂಡರೆ ನೀರು ಬೇಕಿಲ್ಲ. ಬೆರಳನ್ನು ಎರಡು ಅಂಗುಲ ಮಣ್ಣಿಗಿಳಿಸಿ ನೋಡಿ, ಒಣಗಿದ್ದರೆ ಮಾತ್ರ ಬುಡಕ್ಕೆ ನೀರುಣಿಸಿರಿ. ಮಣ್ಣು ತೇವವಾಗಿದ್ದೂ ಗಿಡ ಬಾಡಿದ್ದರೆ ಬೇರು ಕೊಳೆಯುತ್ತಿರಬಹುದೆಂದು ಶಂಕಿಸಬೇಕು. ಆಗ ಮತ್ತೆ ನೀರು ಹಾಯಿಸುವುದು ಗಿಡಕ್ಕೆ ಮಾರಕ. ಯೂರಿಯಾ ಹೆಚ್ಚಾದರೆ ಸೊಪ್ಪು ಬೆಳೆದೀತೇ ಹೊರತು ಹೂವಲ್ಲ.

ಬಾಡಿದ ಹೂಗಳನ್ನು ಆಗಾಗ ಚಿವುಟಿದರೆ ಹೊಸ ಮೊಗ್ಗು ಬರುತ್ತಿರುತ್ತವೆ. ಬೀಜಕ್ಕೆಂದು ಒಂದೆರಡು ಗಿಡ ಬಿಟ್ಟರೆ ಸಾಕು. ಜೇನ್ನೊಣಗಳು ಪರಾಗ ಬೆರೆಸುವುದರಿಂದ ಮುಂದಿನ ವರ್ಷದ ಹೂಗಳು ತಾಯಿಗಿಡದ ಬಣ್ಣವನ್ನೇ ಹೊತ್ತು ಬರಲಾರವು. ಮನೆಯಂಗಳಕ್ಕೆ ಅದೇನೂ ನಷ್ಟವಲ್ಲ.